ಅಣೆಕಟ್ಟು ಒಡೆಯುವುದಿಲ್ಲ: ಲೇಖಕರಿಗೊಂದು ಉತ್ತರ

ನಮಸ್ಕಾರ. ಸಸ್ತನಿಗಳ ಅಂಡಾಣುವಿನಲ್ಲಿ ಕ್ಯಾಲ್ಸಿಯಂ ಪೊರೆ ದಾಟುವ ಬಗೆಯನ್ನು ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಭಾಷೆ ಸಲೀಸಾಗಿದೆ, ಎಡವಿರುವುದು ವಿಷಯದಲ್ಲಿ, ಅದೂ ಮೊದಲ ಪುಟದಲ್ಲೇ.

“ವೀರ್ಯಾಣು ತಾಗಿದೊಡನೆ ಅಣೆಕಟ್ಟು ಒಡೆದಂತೆ ಹೊರಗಿನ ಕ್ಯಾಲ್ಸಿಯಂ ನುಗ್ಗುತ್ತದೆ” ಎಂದಿದ್ದೀರಿ. ಹಾಗಾಗುವುದಿಲ್ಲ. ಅಂಡಾಣುವಿನೊಂದಿಗೆ ಬೆಸೆದುಕೊಂಡ ವೀರ್ಯಾಣು ಪಿಎಲ್‌ಸಿ-ಝೀಟಾ ಎಂಬ ಕಿಣ್ವವನ್ನು ಒಳಗೆ ಬಿಡುತ್ತದೆ (ಇದು ಗೊತ್ತಾದದ್ದು 2002ರಲ್ಲಿ). ಅದು ಪಿಐಪಿ2 ಎಂಬ ಲಿಪಿಡನ್ನು ಸೀಳಿದಾಗ ಐಪಿ3 ಎಂಬ ಸಂದೇಶವಾಹಕ ಅಣು ಹುಟ್ಟುತ್ತದೆ. ಐಪಿ3 ಹೋಗಿ ಕೂರುವುದು ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನ ಪೊರೆಯಲ್ಲಿರುವ ಗ್ರಾಹಕದ ಮೇಲೆ. ಆಗ ಗ್ರಾಹಕ ತೆರೆದು ಕ್ಯಾಲ್ಸಿಯಂ ಕೋಶದ್ರವ್ಯಕ್ಕೆ ಅಲೆಯಾಗಿ ಹರಿಯುತ್ತದೆ. ಮೊದಲ ಅಲೆಯ ಕ್ಯಾಲ್ಸಿಯಂ ಬಹುಪಾಲು ಈ ಒಳದಾಸ್ತಾನಿನದೇ.

ಹಾಗಾದರೆ ಹೊರಗಿನದು ಯಾಕೆ ಬೇಕು? ಲೇಖನದ ಜೀವಾಳ ಇದೇ, ನೀವು ಮುಟ್ಟಿಯೇ ಇಲ್ಲ. ಇಲಿಯಲ್ಲಿ ಅಲೆ ಒಂದಕ್ಕೇ ಮುಗಿಯದು. ಸುಮಾರು 10–20 ನಿಮಿಷಕ್ಕೊಮ್ಮೆ, ಕೆಲವು ಗಂಟೆಗಳ ಕಾಲ ಮರುಕಳಿಸುತ್ತದೆ. ಪ್ರತಿ ಸಲವೂ ರೆಟಿಕ್ಯುಲಂ ಪೊರೆಯಲ್ಲಿರುವ ಸರ್ಕಾ (SERCA) ಎಂಬ ಪಂಪು ಒಂದಿಷ್ಟನ್ನು ದಾಸ್ತಾನಿಗೆ ಹಿಂದಿರುಗಿಸಿದರೆ, ಹೊರಪೊರೆಯ ಪಂಪು ಒಂದಿಷ್ಟನ್ನು ಆಚೆ ತಳ್ಳಿಬಿಡುತ್ತದೆ. ಆ ನಷ್ಟ ತುಂಬಲು ಹೊರಗಿನ ಕ್ಯಾಲ್ಸಿಯಂ ಒಳಬಿಡುವ ಟಿಆರ್‌ಪಿಎಂ7, ಸಿಎವಿ3.2 ಎಂಬ ಹೊರಪೊರೆಯ ವಾಹಿನಿಗಳು ಬೇಕು. ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿಟ್ಟರೂ ಅಲೆ ಶುರುವಾಗುತ್ತದೆ, ಆದರೆ ಬೇಗ ನಿಂತುಹೋಗುತ್ತದೆ. ಈ ಒಂದು ಪ್ರಯೋಗವನ್ನು ಮುಂದಿಟ್ಟರೆ ಓದುಗರಿಗೆ ಮಿಕ್ಕಿದ್ದು ತಾನೇ ಹೊಳೆಯುತ್ತದೆ.

ಕೋಷ್ಟಕದಲ್ಲಿ ವಿಶ್ರಾಂತ ಅಂಡಾಣುವಿನ ಕೋಶದ್ರವ್ಯದ ಕ್ಯಾಲ್ಸಿಯಂ ಮಟ್ಟ 100 ಮೈಕ್ರೋಮೋಲಾರ್ ಎಂದಿದೆ. ಅದು ಸುಮಾರು 100 ನ್ಯಾನೋಮೋಲಾರ್. ಸಾವಿರ ಪಟ್ಟು ತಪ್ಪು. ಹೊರಗಿನ ದ್ರಾವಣದಲ್ಲಿ ಸುಮಾರು 2 ಮಿಲಿಮೋಲಾರ್ ಇರುತ್ತದೆ. ಈ ಅಂತರವನ್ನು ಬರೆಯದೆ ಪಂಪುಗಳ ಶ್ರಮ ಅರ್ಥವಾಗದು.

ಸರ್ಕಾ ಪಂಪನ್ನು ತಡೆಯುವ ಥ್ಯಾಪ್ಸಿಗಾರ್ಗಿನ್ ಎಂಬ ರಾಸಾಯನಿಕದ ಪ್ರಯೋಗದಲ್ಲಿ ಕ್ರಮ ತಪ್ಪಿದೆ. ಮೊದಲು ಕ್ಯಾಲ್ಸಿಯಂರಹಿತ ದ್ರಾವಣ, ಆಮೇಲೆ ಥ್ಯಾಪ್ಸಿಗಾರ್ಗಿನ್. ಸರ್ಕಾ ನಿಂತು ದಾಸ್ತಾನು ಸೋರುತ್ತದೆ, ಮಟ್ಟ ಏರಿ ಇಳಿಯುತ್ತದೆ. ಪೂರಾ ಇಳಿದ ಮೇಲಷ್ಟೇ ಹೊರಗೆ ಕ್ಯಾಲ್ಸಿಯಂ ಹಾಕಬೇಕು. ಆಗ ಕಾಣುವ ಏರಿಕೆ ಒಳಹರಿವಿನದು. ನಿಮ್ಮಂತೆ ಥ್ಯಾಪ್ಸಿಗಾರ್ಗಿನ್, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದು ಸೋರಿಕೆ, ಯಾವುದು ಒಳಹರಿವು ಎಂದು ಬೇರ್ಪಡಿಸಲಾಗದು. ಕ್ಯಾಲ್ಸಿಯಂ ಅಳೆಯಲು ಬಳಸುವ ಫ್ಯೂರಾ-2 ಬಣ್ಣದ 340/380 ಅನುಪಾತವನ್ನೇ (340 ಮತ್ತು 380 ನ್ಯಾನೋಮೀಟರ್ ಬೆಳಕಿನಲ್ಲಿ ಅದರ ಹೊಳಪಿನ ಅನುಪಾತ) ‘ನ್ಯಾನೋಮೋಲಾರ್’ ಎಂದು ನಕ್ಷೆಯಲ್ಲಿ ಬರೆದಿದ್ದೀರಿ. ಕ್ಯಾಲಿಬ್ರೇಶನ್ ಇಲ್ಲದಿದ್ದರೆ ಅನುಪಾತವೆಂದೇ ಬರೆಯಿರಿ. ಬಣ್ಣ ಹೆಚ್ಚಾದರೆ ಅದೇ ಕ್ಯಾಲ್ಸಿಯಂ ಹಿಡಿದುಕೊಂಡು ಅಲೆಗಳು ಚಪ್ಪಟೆಯಾಗುತ್ತವೆ ಎಂಬ ಎಚ್ಚರಿಕೆಯೂ ಇರಲಿ.

ವೀರ್ಯಾಣುವಿಲ್ಲದೆಯೂ ಅಲೆ ಎಬ್ಬಿಸುವ ಸ್ಟ್ರಾಂಷಿಯಂ ವಿಚಾರ ಇಲಿಗೆ ಸೀಮಿತವಾಗಿರಲಿ. ಅಲ್ಲಿ ಅದು ಟಿಆರ್‌ಪಿವಿ3 ವಾಹಿನಿಯ ಮೂಲಕ ಒಳಬರುತ್ತದೆ. ಮನುಷ್ಯರ ಅಂಡಾಣುವಿಗೂ ಅದನ್ನೇ ಅನ್ವಯಿಸಿದ ಸಾಲು ತೆಗೆಯಿರಿ. ದಾಸ್ತಾನು ಬರಿದಾದಾಗ ಹೊರಗಿನ ಕ್ಯಾಲ್ಸಿಯಂ ಒಳತರುವ ಸ್ಟಿಮ್–ಒರಾಯ್ ಪ್ರೋಟೀನುಗಳ ಕುರಿತ ಎರಡು ಪುಟಗಳೂ ಬೇಡ: ಇಲಿಯ ಅಂಡಾಣುವಿನಲ್ಲಿ ಅವುಗಳ ಜೀನ್‌ಗಳನ್ನು ತೆಗೆದರೂ ಅಲೆಗಳು ನಡೆದೇ ಇರುತ್ತವೆ. ಉಳಿದ ಜಾಗವನ್ನು ಟಿಆರ್‌ಪಿಎಂ7ಗೆ ಕೊಟ್ಟು, ತಿದ್ದಿದ ಕೋಷ್ಟಕದೊಂದಿಗೆ ಮತ್ತೆ ಕಳಿಸಿ.