ಮೊದಲ ಚಾರಣಕ್ಕೆ ಮುನ್ನ ಚೀಲ ಹೊತ್ತು ನಡೆಯಿರಿ

ಪ್ರಶ್ನೆ: ನಾನು ಕಾರವಾರದ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 46. ಡಿಸೆಂಬರ್ ಮೂರನೆಯ ವಾರ ಮಾರ್ಗದರ್ಶಕರಿರುವ ತಂಡವೊಂದರ ಜೊತೆ ಶಿರಸಿ–ಸಿದ್ದಾಪುರ ಸೀಮೆಯ ಕಾಡಿನಲ್ಲಿ ಮೂರು ಹಗಲು, ಎರಡು ರಾತ್ರಿಯ ಚಾರಣಕ್ಕೆ ಹೆಸರು ಕೊಟ್ಟಿದ್ದೇನೆ. ಅವರವರ ಸಾಮಾನು ಅವರವರೇ ಹೊರಬೇಕು, ಟೆಂಟಿನಲ್ಲಿ ಮಲಗಬೇಕು. ಯಾಣಕ್ಕೆ ಹೋಗಿ ಬಂದದ್ದು ಬಿಟ್ಟರೆ ನನಗೆ ಕಾಡಿನಲ್ಲಿ ನಡೆದ ಅನುಭವವಿಲ್ಲ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ನೋಯುತ್ತದೆ. ಹೇಳಿದರೆ ಎಲ್ಲಿ ಬೇಡವೆನ್ನುತ್ತಾರೋ ಎಂಬ ಅಂಜಿಕೆ. ಉಂಬಳದ ಭಯವೂ ಇದೆ. ಏನೇನು ಕೊಳ್ಳಬೇಕು, ಹೇಗೆ ಸಿದ್ಧಳಾಗಬೇಕು?

ಉತ್ತರ: ಕೊಳ್ಳುವ ಮಾತಿಗಿಂತ ಮೊದಲು ಮೊಣಕಾಲಿನ ಮಾತು. ಈ ವಾರವೇ ವೈದ್ಯರಿಗೆ ತೋರಿಸಿ, ಅವರು ಹೇಳಿದ್ದನ್ನು ಮಾರ್ಗದರ್ಶಕರಿಗೆ ಇದ್ದದ್ದು ಇದ್ದಂತೆ ತಿಳಿಸಿ. ರಕ್ತದೊತ್ತಡ, ಅಸ್ತಮಾ, ಜೇನು ಕಚ್ಚಿದರೆ ಮೈ ಊದಿಕೊಳ್ಳುವ ತೊಂದರೆ ಇದ್ದರೆ ಅದನ್ನೂ ಮುಚ್ಚಿಡಬೇಡಿ. ದಿನಕ್ಕೆಷ್ಟು ನಡೆಯಬೇಕು, ಎಲ್ಲಿ ತಂಗಬೇಕು, ಯಾವ ಇಳಿಜಾರನ್ನು ಬಿಟ್ಟು ಸುತ್ತುದಾರಿ ಹಿಡಿಯಬೇಕು ಎಂಬುದನ್ನೆಲ್ಲ ಅವರು ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ನೋಡಿ ನಿರ್ಧರಿಸುತ್ತಾರೆ. ಆ ಕಾಲುಗಳ ಸತ್ಯವೇ ಗೊತ್ತಿರದಿದ್ದರೆ ಅವರ ಅನುಭವ ಇದ್ದೂ ನಿಮ್ಮ ಉಪಯೋಗಕ್ಕೆ ಬಾರದು.

ಇದನ್ನು ನಾನು ಪೆಟ್ಟು ತಿಂದು ಕಲಿತವನು. ಮೊದಲ ಚಾರಣಕ್ಕೆ ಹಿಂದಿನ ದಿನವಷ್ಟೇ ಕೊಂಡ ಬೂಟು ಹಾಕಿ ಹೊರಟಿದ್ದೆ. ಎರಡು ತಾಸು ಕಳೆಯುವಷ್ಟರಲ್ಲಿ ಹಿಮ್ಮಡಿ ಉರಿಯತೊಡಗಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಸಂಜೆ ಹೊಳೆಯ ದಡದಲ್ಲಿ ಬೂಟು ಬಿಚ್ಚಿದಾಗ ಕಾಲುಚೀಲ ಒಡೆದ ಗುಳ್ಳೆಗೆ ಅಂಟಿಕೊಂಡಿತ್ತು, ನೀರು ಹನಿಸಿ ಹನಿಸಿ ಬಿಡಿಸಬೇಕಾಯಿತು. ದಾರಿ ತೋರಿಸಲು ಬಂದಿದ್ದ ಊರಿನ ಹಿರಿಯರು, “ಉರಿ ಶುರುವಾದಾಗಲೇ ಹೇಳಿದ್ದರೆ ಒಂದು ಪಟ್ಟಿ ಸಾಕಿತ್ತಲ್ಲ” ಎಂದರು. ಮರುದಿನ ನನ್ನೊಬ್ಬನ ಹಿಮ್ಮಡಿಗಾಗಿ ಇಡೀ ತಂಡದ ದಾರಿ ಮೊಟಕಾಯಿತು.

ಆದ್ದರಿಂದ ಈಗಲೇ ಕೊಳ್ಳಬೇಕಾದದ್ದು ಬೂಟು ಮಾತ್ರ. ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತು ಅಂಗಡಿಗೆ ಹೋಗಿ, ದಪ್ಪ ಕಾಲುಚೀಲ ತೊಟ್ಟೇ ಅಳತೆ ನೋಡಿ; ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ಒತ್ತದಷ್ಟು ಜಾಗ ಬೇಕು. ಹೊರಡುವವರೆಗೆ ದಿನವೂ ಅದನ್ನೇ ಹಾಕಿ ಓಡಾಡಿ. ಚೀಲ, ಮಲಗುವ ಚೀಲ, ಊರುಗೋಲುಗಳನ್ನು ತಂಡದವರಿಂದಲೋ ಪರಿಚಯದವರಿಂದಲೋ ಎರವಲು ಪಡೆಯಬಹುದು.

ಚೀಲ ಕೈಗೆ ಬಂದ ದಿನದಿಂದ ಅಭ್ಯಾಸ ಆರಂಭವಾಗಲಿ. ಅದರಲ್ಲಿ ನೀರಿನ ಬಾಟಲಿಗಳನ್ನು ತುಂಬಿಕೊಂಡು ಮೊದಲು 3 ಕೆ.ಜಿ. ಭಾರದೊಂದಿಗೆ ನಡೆಯಿರಿ, ವಾರವಾರವೂ ತುಸು ಏರಿಸಿ. ನೋವು ಕಾಣಿಸಿದರೆ ನೀರು ಚೆಲ್ಲಿ ಹಗುರಾಗಿ ಮನೆಗೆ ಬರಬಹುದೆಂಬುದೇ ಈ ಉಪಾಯದ ಅನುಕೂಲ. ಕಾರವಾರದ ಕಡಲತೀರದ ಸಪಾಟು ನಡಿಗೆ ಉಸಿರಿಗೆ ಒಳ್ಳೆಯದಾದರೂ ಮೊಣಕಾಲಿಗೆ ಘಟ್ಟದ ಪರಿಚಯ ಮಾಡಿಸುವುದಿಲ್ಲ. ವಾರಕ್ಕೆರಡು ಬಾರಿಯಾದರೂ ಕಾಳಿ ಸೇತುವೆ ದಾಟಿ ಸದಾಶಿವಗಡದ ಗುಡ್ಡ ಹತ್ತಿ ಇಳಿಯಿರಿ. ವೈದ್ಯರು ಒಪ್ಪಿದರೆ ಇಳಿಯುವುದನ್ನೇ ಹೆಚ್ಚು ಅಭ್ಯಾಸ ಮಾಡಿ, ಎರಡು ಊರುಗೋಲು ಹಿಡಿದು, ಸಣ್ಣ ಹೆಜ್ಜೆ ಇಟ್ಟು. ಮೊಣಕಾಲಿಗೆ ಹೊರೆ ಹೆಚ್ಚುವುದು ಏರಿನಲ್ಲಲ್ಲ, ಇಳುಕಲಿನಲ್ಲಿ.

ಚೀಲ ಹೊರುವುದಕ್ಕೂ ಒಂದು ಕ್ರಮವಿದೆ. ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ, ಆಮೇಲೆ ಹೆಗಲಿನ ಪಟ್ಟಿ. ಭಾರದ ಬಹುಪಾಲು ಸೊಂಟಕ್ಕೆ ಇಳಿದಿದ್ದರೆ ಹೆಗಲಿನ ಪಟ್ಟಿಯಡಿ ಬೆರಳು ಸಲೀಸಾಗಿ ಆಡುತ್ತದೆ. ಮಲಗುವ ಚೀಲ ತಳಕ್ಕೆ, ಭಾರದ ಸಾಮಾನು ನಡುವೆ ಬೆನ್ನಿಗೆ ಹತ್ತಿ, ನೀರು ಮತ್ತು ಮಳೆ ಅಂಗಿ ಕೈಗೆಟಕುವಲ್ಲಿ ಇರಲಿ. ಒಟ್ಟು ಭಾರ ದೇಹತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ರೂಢಿಯ ಲೆಕ್ಕ, 60 ಕೆ.ಜಿ. ತೂಕದವರಿಗೆ ಅದು 12 ಕೆ.ಜಿ. ನಿಮ್ಮ ಮೊಣಕಾಲನ್ನು ನೆನೆದು ಇನ್ನೂ ಎರಡು ಮೂರು ಕೆ.ಜಿ. ಇಳಿಸಿರೆಂದು ಹೇಳುತ್ತೇನೆ.

ಕರಾವಳಿಯವರು ಸಾಮಾನ್ಯವಾಗಿ ಚಳಿಯ ಬಟ್ಟೆ ಮರೆಯುತ್ತಾರೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರಿನಲ್ಲಿ ಇಬ್ಬನಿ ಟೆಂಟಿನ ಬಟ್ಟೆಯಿಂದ ತೊಟ್ಟಿಕ್ಕುತ್ತದೆ. ಹತ್ತಿಯ ಬಟ್ಟೆ ಬೆವರು ಹೀರಿ ಬೇಗ ಒಣಗುವುದಿಲ್ಲವಾದ್ದರಿಂದ ನಡೆಯಲು ಪಾಲಿಯೆಸ್ಟರ್ ಅಂಗಿ, ಮಲಗಲು ಬೇರೆಯೇ ಒಂದು ಜೊತೆ ಒಣಬಟ್ಟೆ, ಒಂದು ಸ್ವೆಟರ್, ಒಂದು ಟೋಪಿ ಇಟ್ಟುಕೊಳ್ಳಿ; ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ತುಂಬಿ.

ಇನ್ನು ಉಂಬಳ. ಮಳೆಗಾಲ ಮುಗಿದು ನೆಲ ಒಣಗಿದಂತೆ ಅವು ಕಡಿಮೆಯಾಗುತ್ತವೆ, ಹೊಳೆಯಂಚಿನ ತೇವದಲ್ಲಿ ಮಾತ್ರ ಸಿಗಬಹುದು. ಕಚ್ಚಿದರೆ ಉಗುರಿನಿಂದ ಬಾಯಿಯ ಬಳಿ ಸರಿಸಿ ಬಿಡಿಸಿ, ಸೋಪಿನಿಂದ ತೊಳೆಯಿರಿ. ರಕ್ತ ಸ್ವಲ್ಪ ಹೊತ್ತು ಹರಿದರೂ ಗಾಬರಿ ಬೇಡ.

ನೀವು ಕೇಳದಿರುವ, ಆದರೆ ಹೆಚ್ಚು ಜಾಗ್ರತೆ ಬೇಕಾದ ಜೀವಿ ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರದ ಕಡೆಯೂ ಕಾಣಿಸಿಕೊಂಡಿದೆ. ಅದನ್ನು ಹರಡುವುದು ಈ ಉಣುಗು, ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಎಳೆಯ ಉಣುಗು ಎಳ್ಳಿನಷ್ಟೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ತಿಳಿಬಣ್ಣದ ಉದ್ದ ಪ್ಯಾಂಟ್ ತೊಟ್ಟು ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಮೈಗೆ ಹತ್ತದಂತೆ ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ, ಒಣ ದರಗಿನ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮಾರ್ಗದರ್ಶಕರಿಗೆ ತಿಳಿಸಿ. ಸಂಜೆ ಟಾರ್ಚ್ ಬೆಳಕಿನಲ್ಲಿ ಮೊಣಕಾಲ ಹಿಂಭಾಗ, ಸೊಂಟ, ಕಿವಿಯ ಹಿಂದೆ ಒಬ್ಬರನ್ನೊಬ್ಬರು ಪರೀಕ್ಷಿಸಿಕೊಳ್ಳಿ. ಅಂಟಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಸುಡುವುದಾಗಲಿ ಹಿಸುಕುವುದಾಗಲಿ ಕೂಡದು. ಮರಳಿದ ಮೇಲೆ ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಊಟ ತಂಡದವರದು, ದಾರಿಗೆ ಹುರಿಗಡಲೆ, ಶೇಂಗಾ, ಬೆಲ್ಲ ಸಾಕು. ಹೊಳೆಯ ನೀರನ್ನು ಕುದಿಸದೆ ಕುಡಿಯಬೇಡಿ. ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಿ. ಬಳಸಿದ ಪ್ಯಾಡ್‌ಗಳನ್ನು ಹೂಳದೆ ಬಿಗಿಯಾದ ಪೊಟ್ಟಣದಲ್ಲಿ ಮರಳಿ ತನ್ನಿ.

ಪ್ರಶ್ನೆ: ನಮ್ಮ ಚಾರಣದ ಆಯೋಜಕರು “ಅರಣ್ಯದವರು ಪರಿಚಯ, ಪರವಾನಗಿ ಬೇಕಿಲ್ಲ” ಎನ್ನುತ್ತಾರೆ. ನಂಬಬಹುದೇ? (ಕುಮಟಾದ ಓದುಗರು)

ಉತ್ತರ: ನಂಬಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯವನ್ನು ಪ್ರವಾಸಿಯಾಗಿ ಪ್ರವೇಶಿಸಲು ಅನುಮತಿ ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ ಪರಿಚಯದ ಮಾತು ನಡೆಯುವುದಿಲ್ಲ. ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯಿರಿ. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ, ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿ ಹಾವು ಕಚ್ಚಿದರೆ ಯಾವ ದಾರಿಯಿಂದ ಯಾವ ಆಸ್ಪತ್ರೆಗೆ, ವಾಹನ ಎಲ್ಲಿಯವರೆಗೆ ಬರುತ್ತದೆ ಎಂದೂ ಕೇಳಿ. ಇವಕ್ಕೆ ಸ್ಪಷ್ಟ ಉತ್ತರ ಬರದಿದ್ದರೆ ಕೊಟ್ಟ ಮುಂಗಡ ಹೋದರೂ ಚಿಂತೆಯಿಲ್ಲ, ಆ ತಂಡದ ಜೊತೆ ಹೋಗಬೇಡಿ.