ತಂದೆ ತೀರ್ಥಹಳ್ಳಿಯವರು, ತಾಯಿ ಜರ್ಮನಿಯವರು: ಹುಡುಗ ಫುಟ್‌ಬಾಲ್‌ನಲ್ಲಿ ಯಾವ ದೇಶಕ್ಕೆ ಆಡಬಹುದು?
ಜರ್ಮನ್ ಪಾಸ್‌ಪೋರ್ಟ್ ಮತ್ತು ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಗುರುತುಪತ್ರ) ಹೊಂದಿರುವ ನಿಮ್ಮ ಅಣ್ಣನ ಮಗ ಭಾರತಕ್ಕೆ ಆಡಬಹುದೇ ಎಂದು ಕೇಳಿದ್ದೀರಿ. ಈಗಿನ ಸ್ಥಿತಿಯಲ್ಲಿ ಆಗದು. ಫುಟ್‌ಬಾಲ್‌ನ ಜಾಗತಿಕ ಸಂಸ್ಥೆಯಾದ ಫಿಫಾ ನೋಡುವುದು ಪೌರತ್ವವನ್ನು. ಓಸಿಐ ಪೌರತ್ವವಲ್ಲ, ಭಾರತವು ಎರಡು ಪೌರತ್ವವನ್ನು ಒಪ್ಪುವುದೂ ಇಲ್ಲ. ಆದ್ದರಿಂದ ಡಿಸೆಂಬರ್ ರಜೆಗೆ ಬಂದು ಅಡಿಕೆ ಅಟ್ಟದ ಕೆಳಗೆ ಚೆಂಡು ಒದೆಯುವ ಆ ಹುಡುಗ ಜರ್ಮನ್ ಪೌರತ್ವವನ್ನು ಬಿಟ್ಟುಕೊಟ್ಟೇ ಇಲ್ಲಿಯ ಅಂಗಿ ತೊಡಬೇಕು. ಜಪಾನಿನಲ್ಲಿ ಹುಟ್ಟಿದ ಅರಾಟಾ ಇಝುಮಿ ತಂದೆಯ ನಾಡಿಗಾಗಿ ಹಾಗೆಯೇ ಮಾಡಿ 2013ರಲ್ಲಿ ಭಾರತಕ್ಕೆ ಆಡಿದರು. ಅದು ಸಣ್ಣ ತ್ಯಾಗವಲ್ಲ. ಎರಡು ದೇಶಗಳ ನಂಟಿರುವವರು ಬೇರೆಬೇರೆ ತಂಡ ಆರಿಸುವುದುಂಟು: ಒಂದೇ ತಂದೆಯ ಮಕ್ಕಳಾದ ಬೋಟೆಂಗ್ ಸಹೋದರರು 2010ರ ವಿಶ್ವಕಪ್‌ನಲ್ಲಿ, ಜೆರೋಮ್ ಜರ್ಮನಿಯ ಪರವಾಗಿ, ಕೆವಿನ್ ಪ್ರಿನ್ಸ್ ಘಾನಾದ ಪರವಾಗಿ, ಎದುರುಬದುರಾಗಿದ್ದರು. ಮೊದಲು ಒಂದು ದೇಶಕ್ಕೆ ಆಡಿ ನಂತರ ಬದಲಿಸಬಹುದೇ ಎಂದರೆ, ಫಿಫಾ ನಿಯಮದ 2020ರ ತಿದ್ದುಪಡಿಯಂತೆ, ರಾಷ್ಟ್ರೀಯ ಹಿರಿಯರ ತಂಡದಲ್ಲಿ 21 ತುಂಬುವ ಮುನ್ನ ಮಾತ್ರ, ಅದೂ 3ಕ್ಕಿಂತ ಹೆಚ್ಚಲ್ಲದಷ್ಟು ಪಂದ್ಯ ಆಡಿದವರು 3 ವರ್ಷ ಕಾದು ತಂಡ ಬದಲಿಸಬಹುದಾದರೂ, ಮೊದಲ ಪಂದ್ಯದ ದಿನವೇ ಎರಡೂ ಪೌರತ್ವಗಳಿದ್ದವರಿಗಷ್ಟೇ ಆ ಅವಕಾಶವಿದೆ.