ಫಿರಂಗಿ ಹುಡುಕಿಕೊಂಡು ಹೊಸೂರಿಗೆ ಬಂದರೆ

ರಕ್ಷಣಾ ಕಾರಿಡಾರಿನಲ್ಲಿ, ಅಂದರೆ ಸೇನೆಯ ಸಾಮಾನು ತಯಾರಿಸುವ ಊರುಗಳ ಸಾಲಿನಲ್ಲಿ, ತಮಿಳುನಾಡಿನ ಹೊಸೂರೂ ಇದೆಯಲ್ಲ, ಅಲ್ಲೇನಿದೆ, ಫಿರಂಗಿಯೇ ಅಂತ ಕೇಳಿದಿರಿ. ಇಲ್ಲ ಸ್ವಾಮಿ, ನಮ್ಮ ಹೊಸೂರಿನಲ್ಲಿ ಫಿರಂಗಿ ಕಣ್ಣಿಗೆ ಬೀಳುವುದಿಲ್ಲ. ಅತ್ತಿಬೆಲೆ ದಾಟಿದರೆ ಸಿಗುವುದು ಕ್ಯಾಬಿನ್ನೇ ಇಲ್ಲದ ಲಾರಿ ಚಾಸಿ, ಅದರ ಮೇಲೆ ಮುಖಕ್ಕೆ ಟವಲು ಸುತ್ತಿ ಕೂತ ಡ್ರೈವರು. ಅಶೋಕ್ ಲೇಲ್ಯಾಂಡ್ 1980ರಿಂದ ಇಲ್ಲಿದೆ. ಟಿವಿಎಸ್ ಮೊಪೆಡ್ ಹೊರಬಂದದ್ದೂ ಅದೇ ವರ್ಷ, ಇದೇ ಊರಿನಿಂದ.

2019ರಲ್ಲಿ ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರ್ ಉದ್ಘಾಟನೆಯಾದಾಗ ಚೆನ್ನೈ, ಕೊಯಮತ್ತೂರು, ಸೇಲಂ, ತಿರುಚ್ಚಿಯ ಜತೆ ನಮ್ಮೂರ ಹೆಸರೂ ಇತ್ತು. ನೀವು ಕೇಳಿದ್ದೂ ಅದಕ್ಕೇ. ಸೇನೆಯವರು ಓಡಿಸುವ ಸ್ಟ್ಯಾಲಿಯನ್ ಲಾರಿ ನೋಡಿರಬೇಕಲ್ಲ, ಅದು ಲೇಲ್ಯಾಂಡಿನದು. ಬಿಡಿಭಾಗಗಳು ಕಂಪನಿಯಿಂದ ಹೋಗಿ ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಜೋಡಣೆಯಾದ ಲಾರಿಗಳೂ ಬಹಳ. ಬೆಳಗೊಂಡಪಳ್ಳಿಯಲ್ಲಿ ತನೇಜಾ ಏರೋಸ್ಪೇಸಿನ ಸ್ವಂತ ರನ್‌ವೇ ಇದೆ. ಇಟಲಿ ವಿನ್ಯಾಸದ ಪಿ-68 ಪುಟ್ಟ ವಿಮಾನವನ್ನು ಅಲ್ಲೇ ಕಟ್ಟಿದ್ದರು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಹಂಸ ವಿಮಾನವನ್ನೂ.

ಆದರೆ ನಿಜವಾದ ಕಥೆ ಇರುವುದು ಸರ್ಕಾರಿ ಕೈಗಾರಿಕಾ ಪ್ರದೇಶ ಸಿಪ್ಕಾಟ್ ಸುತ್ತಲಿನ ತಗಡಿನ ಶೆಡ್ಡುಗಳಲ್ಲಿ. ನಮ್ಮ ಭಾವನದೂ ಅಂಥದ್ದೊಂದು. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಎರಡು ಸಿಎನ್‌ಸಿ ಮಷೀನು, ಒಂದು ಹಳೇ ಲೇತು. ಮನೆಯಲ್ಲಿ ಕನ್ನಡ, ಮಷೀನಿನ ಮುಂದೆ ತೆಲುಗು, ಕರೆಂಟಿನ ಇಬಿ ಆಫೀಸಿನಲ್ಲಿ ತಮಿಳು, ಒಡಿಶಾದ ಹುಡುಗರ ಜತೆ ಹಿಂದಿ ಅಂತ ಅವರಂದುಕೊಂಡಿರುವ ಒಂದು ಭಾಷೆ. ಬೈಕಿನ ಬುಷ್ (ಒಳಗೆ ಕೂರುವ ಪುಟ್ಟ ಲೋಹದ ಕೊಳವೆ) ತಿಂಗಳಿಗೆ ಸಾವಿರಗಟ್ಟಲೆ ಹೋಗುತ್ತದೆ. ಪೀಸಿಗೆ ಹತ್ತು ಪೈಸೆಗೂ ಜಗಳ, ದುಡ್ಡು ಮಾತ್ರ ತಿಂಗಳು ತಿಂಗಳು ಬರುತ್ತದೆ.

ಅಂಥವರಿಗೆ ಒಮ್ಮೆ ರಕ್ಷಣಾ ಕೆಲಸ ಸಿಕ್ಕಿತು. ಒಟ್ಟು 40 ಪೀಸು. ಅಷ್ಟಕ್ಕೆ ಬಂದ ಫೈಲು ದಿಂಬಿನಷ್ಟು ದಪ್ಪ. ಬೈಕಿನ ಕೆಲಸ ಮಾಡಿದ ಕೈಗೆ ಅಳತೆ ಕಷ್ಟವಲ್ಲ, ಮೈಕ್ರಾನಿನ ಲೆಕ್ಕ ಅವರಿಗೆ ಉಪ್ಪು-ಹುಳಿ ಇದ್ದ ಹಾಗೆ. ಕಷ್ಟವೆಲ್ಲ ಉಕ್ಕಿನ ಜಾತಕದ್ದು. ಯಾವ ಕುಲುಮೆಯ ಯಾವ ಎರಕದಿಂದ ಬಂದದ್ದು ಎನ್ನುವ ಹೀಟ್ ನಂಬರು ಸಲಾಕೆಯ ಒಂದು ತುದಿಯಲ್ಲಿ ಪಂಚ್ ಆಗಿರುತ್ತದೆ. ಕಟಿಂಗ್ ಹುಡುಗ ಆ ತುದಿಯಿಂದಲೇ ಗರಗಸ ಹಚ್ಚಿದ. ನಂಬರಿದ್ದ ತುಂಡು ಮೊದಲೇ ಲೇತಿಗೆ ಹೋಗಿ ಪುಡಿಯಾಯಿತು, ಉಳಿದ ಸಲಾಕೆ ಅನಾಥ. ಇನ್‌ಸ್ಪೆಕ್ಟರು ಅಳತೆ ಸರಿಯಿದ್ದರೆ ಒಂದು ಹೊಕ್ಕು ಇನ್ನೊಂದು ಹೊಗದ ಗೋ, ನೋ-ಗೋ ಗೇಜು ಎರಡೂ ಹಾಕಿ ನೋಡಿದರು, ಎಲ್ಲ ಸರಿ. ಹೀಟ್ ನಂಬರ್ ಎಲ್ಲಿ ಅಂದರು. 40ಕ್ಕೆ 40 ವಾಪಸ್, ಒಂದೊಂದರ ಮೇಲೂ ಕೆಂಪು ಬಣ್ಣ. ನನಗೆ ಸಿಟ್ಟು ಬಂದಿತ್ತು. ಭಾವ ಮಾತ್ರ, "ಅವರದ್ದೇನು ತಪ್ಪು? ಮೇಲೆ ಹಾರೋ ವಸ್ತುವಪ್ಪ, ನಾಳೆ ಬಿರುಕು ಬಿಟ್ಟರೆ ಯಾವ ಸಲಾಕೆ ಅಂತ ಹುಡುಕೋದು?" ಅಂದರು.

ಮತ್ತೆ ಮಾಡಿಕೊಟ್ಟರು. ದುಡ್ಡು ಕೈಗೆ ಬಂದದ್ದು ಏಳು ತಿಂಗಳಿಗೆ. ಕಾರಿಡಾರ್ ಅಂತ ಭಾಷಣ ಮಾಡುವವರು ಈ ಏಳು ತಿಂಗಳ ಬಡ್ಡಿಯ ಬಗ್ಗೆ ಯಾಕೋ ತುಟಿ ಬಿಚ್ಚುವುದಿಲ್ಲ. ವಿಮಾನ ಮಾಡುವ ಎಚ್‌ಎಎಲ್, ಸೇನೆಗೆ ಎಲೆಕ್ಟ್ರಾನಿಕ್ಸ್ ಮಾಡುವ ಬಿಇಎಲ್ ಎಲ್ಲ ಬೆಂಗಳೂರಿನಲ್ಲೇ, ಒಂದು ಗಂಟೆ ದಾರಿ (ಸಿಲ್ಕ್ ಬೋರ್ಡ್ ಕೃಪೆ ಮಾಡಿದರೆ). ಕೆಲಸ ಬರುವುದಕ್ಕೆ ದೂರವೇನೂ ಅಲ್ಲ. ಬೈಕಿನ ಬುಷ್ ಕೈಹಿಡಿದಿರುವವರೆಗೆ ಕಾಯುವ ತಾಕತ್ತೂ ಉಂಟು.

ಈಗ ಶೆಡ್ಡಿಗೆ ಸಲಾಕೆ ಬಂದ ತಕ್ಷಣ ಎರಡೂ ತುದಿಗೆ ನಂಬರು ಹೊಡೆಯುತ್ತಾರೆ. ಕೆಂಪು ಬಣ್ಣದ ತುಂಡುಗಳಲ್ಲಿ ಒಂದು ಅಕ್ಕನ ಅಡುಗೆಮನೆ ಸೇರಿದೆ. ಗಾಳಿಗೆ ಹಿತ್ತಲ ಬಾಗಿಲು ಬಡಿಯದ ಹಾಗೆ ಅದನ್ನೇ ಒತ್ತಿಡುತ್ತಾಳೆ.